ಕೆಲ್ಲಿವಿಲ್‌ನಲ್ಲೊಂದು ದೇಸಗತಿ

ಟಿವಿ ಧಾರಾವಾಹಿಯಲ್ಲಿ ಯಾರ ಪಕ್ಷ ವಹಿಸಬೇಕು ಎಂಬ ವಿಷಯಕ್ಕೆ ಒಂದು ಸಂಸಾರ ಎರಡು ಹೋಳಾಗಬಹುದು ಎಂದು ಮದುವೆಗೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ ಅನ್ನಿ. ಅತ್ತೆ ಸೊಸೆಯರು ಗಳಗಳ ಅಳುವ ಧಾರಾವಾಹಿಗಳಾದರೆ ಸರಿ, ಅವು ಮನೆ ಒಡೆಯುವುದಕ್ಕೇ ತಯಾರಾದವು. ಆದರೆ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮಾರ್ಟ್‌ಗೇಜ್ ಕಟ್ಟಿಕೊಂಡು ನೆಮ್ಮದಿಯಾಗಿದ್ದ ನಮ್ಮ ಮನೆಗೆ ಕಡ್ಡಿ ಗೀರಿದ್ದು, ಜನ ನಗಲಿ ಎಂದೇ ಮಾಡಿದ್ದ ಒಂದು ಹಳೆಯ ಇಂಗ್ಲಿಷ್ ಧಾರಾವಾಹಿ. ಇಂಗ್ಲೆಂಡಿನ ಒಂದು ಹಳ್ಳಿ, ಅಲ್ಲಿ ತಲೆತಲಾಂತರದ ಒಂದು ಬಂಗಲೆ. ಉಳಿಸಿಕೊಳ್ಳಲಾಗದೆ ಅದನ್ನು ಮಾರಿದ ಮುದಿ ದೊರೆ, ಗೇಟಿನ ಪಕ್ಕದ ಕಾವಲುಗಾರನ ಮನೆಯಲ್ಲಿ ಇದ್ದುಕೊಂಡು, ಬಂಗಲೆ ಕೊಂಡ ಬಿಸ್ಕತ್ತು ಕಾರ್ಖಾನೆಯವನ ನಡೆನುಡಿಗೆ ದಿನವೂ ಮೂಗು ಮುರಿಯುತ್ತಾನೆ. ಇಷ್ಟೇ ಕಥೆ.

ಈ ಪಿಡುಗು ನಮ್ಮ ಮನೆಗೆ ಬಂದದ್ದು ಮೆಲ್ಬರ್ನ್‌ನಿಂದ. ನನ್ನ ಹೆಂಡತಿ ಸುಮಂಗಲೆಯ ಅಣ್ಣ ಬಾಕ್ಸ್ ಹಿಲ್‌ನಲ್ಲಿದ್ದಾನೆ. ಧಾರವಾಡದಿಂದ ಬಂದ ಮಾವನವರನ್ನು ಎರಡು ವಾರ ಇಟ್ಟುಕೊಂಡು, ಹೊತ್ತು ಹೋಗಲಿ ಎಂದು ಈ ಧಾರಾವಾಹಿಯ ಡಿವಿಡಿಗಳನ್ನು ತೋರಿಸಿ, ಕೊನೆಗೆ ಡಬ್ಬಿ ಸಮೇತ ನಮ್ಮಲ್ಲಿಗೆ ಸಾಗಹಾಕಿದ. ಮಾವನವರನ್ನೂ, ಡಿವಿಡಿಯನ್ನೂ.

ನಮ್ಮ ಮಾವನವರು ದೇಸಾಯರು, ಒಂದು ಕಾಲಕ್ಕೆ ಊರಿನ ದೇಸಗತಿ ನಡೆಸಿದ ಮನೆತನ. ಜಮೀನು ಉಳುವವರ ಪಾಲಾಗಿ, ತಲೆತಲಾಂತರದ ದೊಡ್ಡ ಮನೆ, ಅವರ ವಾಡೆ, ಮಾರಾಟವಾಗಿ, ಈಗ ಧಾರವಾಡದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದರೂ ಕೋಟು ಹಾಕದೆ ಹೊಸ್ತಿಲು ದಾಟುವವರಲ್ಲ. ನಾನು ಉಡುಪಿ ಕಡೆಯವನು. ನನ್ನ ತಂದೆ ಧಾರವಾಡದಲ್ಲಿ ಹೋಟೆಲ್ ಇಟ್ಟಿದ್ದರು. ಕಾಲೇಜು ಇಲ್ಲದ ಹೊತ್ತಿನಲ್ಲಿ ನಾನು ಅಲ್ಲಿ ಕಾವಲಿಯ ಮುಂದೆ ನಿಂತೇ ದೊಡ್ಡವನಾದದ್ದು. ಸುಮಂಗಲೆ ನನ್ನನ್ನು ಮದುವೆಯಾಗುತ್ತೇನೆ ಎಂದಾಗ ಮಾವನವರು, "ದ್ವಾಸಿ ಹಾಕಾವ್ರ ಮನೀಗೆ ದೇಸಾಯರ ಮಗಳು?" ಎಂದು ಕೇಳಿದ್ದರಂತೆ. ಆಮೇಲೆ ಮದುವೆಗೆ ಬಂದರು, ಹರಸಿದರು, ನನ್ನನ್ನು ಬಹುವಚನದಲ್ಲೇ ಮಾತನಾಡಿಸಿದರು. ಆದರೂ ಆ ಮಾತು ಮೀನಿನ ಮುಳ್ಳಿನ ಹಾಗೆ ನನ್ನ ಗಂಟಲಲ್ಲೇ ಉಳಿದಿತ್ತು. ಅವರು ನಮ್ಮ ಮನೆಗೆ ಬರುತ್ತಿರುವುದು ಇದೇ ಮೊದಲು. ಹೇಗಾದರೂ ಮಾಡಿ ಅವರ ಬಾಯಲ್ಲಿ ಒಮ್ಮೆ ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ ನನಗೆ. ಅದಕ್ಕಾಗಿ ನಾನು ಕೈಗೊಂಡ ವ್ರತವೆಂದರೆ, ಅವರು ಇರುವಷ್ಟು ದಿನ ಅಡುಗೆಮನೆಗೆ ಕಾಲಿಡದಿರುವುದು. ನಾರ್‌ವೆಸ್ಟ್‌ನ ಆಫೀಸಿನಿಂದ ಬಂದವನು ಟೈ ಕೂಡ ಬಿಚ್ಚದೆ ಸೋಫಾದ ಮೇಲೆ ಕೂತು ಪೇಪರು ಓದುತ್ತಿದ್ದೆ. ವ್ರತದ ಫಲ ಮಾತ್ರ ಘೋರವಾಗಿತ್ತು. ಸುಮಂಗಲೆಯ ಜೋಳದ ರೊಟ್ಟಿಗೆ ಈ ಖಂಡದಲ್ಲೇ ಸಾಟಿಯಿಲ್ಲ, ಆದರೆ ಅವಳ ದೋಸೆ ಕಾವಲಿಯಿಂದ ಮೇಲೇಳುವುದನ್ನೇ ಪ್ರತಿಭಟಿಸುತ್ತದೆ. ಮೂರು ವಾರ ನಾನು ಅದನ್ನು ಮಾತಿಲ್ಲದೆ ನುಂಗಿದೆ.

ಇದರ ಮೇಲೆ ರಾತ್ರಿಯ ಊಟಕ್ಕೆ ಮುಂಚೆ ಧಾರಾವಾಹಿ. ಮಾವನವರು ಮುದಿ ದೊರೆಯ ಪಕ್ಷ. "ಜಮೀನು ಹೋದ್ರ ಹೋಗ್ಲಿ, ಗತ್ತು ಹೋಗಬಾರದು ನೋಡ್ರಿ ಅಳಿಯಂದ್ರ," ಎನ್ನುವರು. ಬಿಸ್ಕತ್ತಿನವನು ಕುದುರೆಯಿಂದ ಬಿದ್ದರೆ ಮಂಡಿ ತಟ್ಟಿಕೊಂಡು, "ಬಿಸ್ಕೀಟು ಮಾರಾಂವಗ ಕುದುರಿ ಹತ್ತೋದು ಹ್ಯಾಂಗ ಗೊತ್ತಿರ್ತದ?" ಎಂದು ಕಣ್ಣಲ್ಲಿ ನೀರು ಬರುವಂತೆ ನಗುವರು. ನನಗೆ ಮೈಯೆಲ್ಲ ಉರಿ. ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು ಸುಮಂಗಲೆಯ ಹತ್ತಿರ, "ಬಿಸ್ಕತ್ತಿನವ ಎಂತ ತಪ್ಪು ಮಾಡಿದ್ದಾನೆ ಮಾರಾಯ್ತಿ? ದುಡ್ಡು ಕೊಟ್ಟೇ ತಗೊಂಡದ್ದಲ್ವಾ?" ಎಂದು ಪಿಸುಗುಟ್ಟುತ್ತಿದ್ದೆ. "ಅಲ್ರೀ, ಟಿವ್ಯಾಗಿನ ಬಿಸ್ಕೀಟಿನಾಂವಗ ಅಂದ್ರ ನೀವ್ಯಾಕ ಮೈಮ್ಯಾಲ ಹಾಕ್ಕೋತೀರಿ?" ಎಂದು ಅವಳು ನನ್ನನ್ನು ಅಲ್ಲಿಂದ ಅಟ್ಟುತ್ತಿದ್ದಳು.

ಹೀಗಿರುವಾಗ ಮಾವನವರ ಕಣ್ಣು ಹಿತ್ತಲ ಬೇಲಿಯಾಚೆಗೆ ಬಿತ್ತು. ಅಲ್ಲಿ ಕೆವಿನ್ ಇದ್ದಾನೆ. ನಮ್ಮದೆಲ್ಲ ಬೆಂಕಿಪೆಟ್ಟಿಗೆ ಜೋಡಿಸಿದಂಥ ಹೊಸ ಮನೆಗಳು. ಅವನದು ಮಾತ್ರ ಯಾರಿಗೂ ಮಾರದೆ ಉಳಿಸಿಕೊಂಡ ಹಳೆಯ ದೊಡ್ಡ ಜಾಗ, ನಡುವೆ ಮನೆ, ಒಂದು ಕುದುರೆ. ಅವನು ಹರಿದ ಅಂಗಿ ತೊಟ್ಟು ಅದಕ್ಕೆ ಹುಲ್ಲು ಹಾಕುವುದನ್ನು ಮಾವನವರು ನಾಲ್ಕು ದಿನ ಗಮನಿಸಿ ತೀರ್ಪು ಕೊಟ್ಟರು: "ಇಂವ ಖರೇ ಖಾನದಾನಿ ಮನಷ್ಯಾ. ಖಾನದಾನಿ ಮಂದೀನೇ ಹರಕ ಅಂಗಿ ಹಾಕ್ಕೋತಾರ. ಹೊಸಾ ಸೂಟು ಹಾಕ್ಕೊಂಡು ಮೆರಿಯಾಂವ ಬಿಸ್ಕೀಟಿನಾಂವ."

ನಾನು ಟೈ ಸಡಿಲಿಸಿಕೊಂಡು, "ಮಾವ, ಅವನು ಪ್ಲಂಬರ್," ಎಂದೆ.

"ಇರಬಹುದು. ದೊಡ್ಡ ಮಂದಿಗೆ ಏನೇನೋ ಹವ್ಯಾಸ ಇರ್ತಾವ," ಎಂದರು ಮಾವ.

ಅಂಥವರನ್ನು ಇಷ್ಟು ದಿನ ಚಹಾಕ್ಕೆ ಕರೆಯದಿರುವುದು ನಮ್ಮ ಮನೆತನಕ್ಕೇ ಅವಮಾನ ಎಂದಾಯಿತು. ಧಾರಾವಾಹಿಯಲ್ಲಿ ಮುದಿ ದೊರೆ ಕೊಡುವ ಚಹಾದ ಕಂತನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿ, ಮಾವನವರು ಏರ್ಪಾಡು ಮಾಡಿದರು. ಶನಿವಾರ ನಾಲ್ಕು ಗಂಟೆ, ರಜೆಯಾದರೂ ನನಗೆ ಟೈ. ಕಪ್ಪು, ಸಾಸರು, ಮೇಜಿಗೆ ಬಿಳಿ ಬಟ್ಟೆ, ಅಂಚು ಕತ್ತರಿಸಿದ ಸೌತೆಕಾಯಿ ಸ್ಯಾಂಡ್‌ವಿಚ್. ಸೌತೆಕಾಯಿಯ ಆಚೆ ಕಡೆ ಕಾಣುವಷ್ಟು ತೆಳ್ಳಗೆ ಹೆಚ್ಚಿದೆಯೇ ಎಂದು ಒಂದೊಂದು ಹೋಳನ್ನೂ ಕಿಟಕಿಗೆ ಹಿಡಿದು ನೋಡಿದರು.

ಕೆವಿನ್ ಬಂದ. ಚಡ್ಡಿ, ಹವಾಯಿ ಚಪ್ಪಲಿ, ಕೈಯಲ್ಲೊಂದು ಚೀಲ ನಿಂಬೆಹಣ್ಣು. ಗಿಡದಲ್ಲಿ ಬೇಕಾದಷ್ಟು ಬಿಟ್ಟಿದೆ, ಇಟ್ಟುಕೊಳ್ಳಿ ಎಂದ. ಮಾವನವರು ಕೋಟಿನ ಗುಂಡಿ ಹಾಕಿಕೊಂಡು ಎರಡೂ ಕೈಯಲ್ಲಿ ಚೀಲ ಸ್ವೀಕರಿಸಿ, "ಸ್ವಂತ ಎಸ್ಟೇಟಿಂದು!" ಎಂದು ನನಗೆ ಕಣ್ಣಲ್ಲೇ ತಿಳಿಸಿದರು. ಆಮೇಲೆ ಶುದ್ಧ ಇಂಗ್ಲಿಷಿನಲ್ಲಿ, ನಿಮ್ಮ ಕುದುರೆಯ ವಂಶ ಯಾವುದು ಎಂದು ವಿಚಾರಿಸಿದರು. ಗೊತ್ತಿಲ್ಲ, ಮಗಳು ಹಟ ಮಾಡಿ ತರಿಸಿದಳು, ಈಗ ಎಲ್ಲರನ್ನೂ ಕಚ್ಚುತ್ತದೆ ಎಂದ ಕೆವಿನ್. ಹೇಳುತ್ತಲೇ ಒಂದು ಸ್ಯಾಂಡ್‌ವಿಚ್ ಬಾಯಿಗೆ ಹಾಕಿಕೊಂಡ. ಆಮೇಲೆ ಎರಡೆರಡು ಒಟ್ಟಿಗೆ. ನಮ್ಮ ಎಲ್ಲರ ಪಾಲೂ ಮುಗಿಯಿತು. ಬರಿದಾದ ತಟ್ಟೆಯನ್ನು ನೋಡಿ, ಆಮೇಲೆ ಅಡುಗೆಮನೆಯ ಬಾಗಿಲನ್ನು ನೋಡಿ, ಅವನು ಸಂಕೋಚದಿಂದ ನಕ್ಕ. ಇನ್ನೇನೋ ಬರುವುದಿದೆ ಎಂದು ಪಾಪ ಆ ಮನುಷ್ಯ ಕಾದು ಕೂತಿದ್ದ.

ಬರುವುದಕ್ಕೆ ಏನೂ ಇರಲಿಲ್ಲ. ಮಾವನವರ ಮುಖ ಬಿಳಿಚಿಕೊಂಡಿತು. ದೇಸಾಯರ ಪಂಕ್ತಿಯಿಂದ ಅತಿಥಿ ಹಸಿದು ಏಳುವುದೆಂದರೇನು! ಕಪ್ಪನ್ನು ಸಾಸರಿನ ಮೇಲಿಟ್ಟು, ಬರಿದಾದ ತಟ್ಟೆಯನ್ನು ಬಿಳಿ ಬಟ್ಟೆಯ ಅಂಚಿನಿಂದ ಮುಚ್ಚಲು ನೋಡಿದರು. ಅದನ್ನು ನೋಡಿ ನನಗೆ ಕೂತಿರಲಾಗಲಿಲ್ಲ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿದೆ ಎಂದು ನನಗೂ ಸುಮಂಗಲೆಗೂ ಗೊತ್ತು. ಅವಳು ನನ್ನನ್ನು ನೋಡಿದಳು. ನಾನು ಟೈ ಬಿಚ್ಚಿ ಸೋಫಾದ ಮೇಲೆ ಎಸೆದು ಎದ್ದೆ.

ಕಾವಲಿ ಕಾದು, ನೀರು ಚಿಮುಕಿಸಿದಾಗ ಚೊಂಯ್ ಎಂದ ಸದ್ದಿಗೆ ನನ್ನ ವ್ರತವೂ ನೌಕರಿಯೂ ಮಾರ್ಟ್‌ಗೇಜೂ ಎಲ್ಲ ಮರೆತುಹೋಯಿತು. ಹಿಟ್ಟು ಹೊಯ್ದೆ, ದುಂಡಗೆ ಹರಡಿದೆ, ತುಪ್ಪ ಬಿಟ್ಟೆ. ಕೆಂಪಗೆ ಗರಿಗರಿಯಾಗಿ ಎದ್ದ ದೋಸೆಗಳನ್ನು ಸುಮಂಗಲೆ ಒಯ್ದಂತೆಲ್ಲ ಹೊರಗಿನಿಂದ ಕೆವಿನ್‌ನ ಆಹಾ ಓಹೋ ಕೇಳುತ್ತಿತ್ತು. ಎಷ್ಟು ಹೊಯ್ದೆನೋ ನೆನಪಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವನವರು ನಿಂತಿದ್ದರು, ಕೋಟು ಕಳಚಿ, ಕೈಯಲ್ಲಿ ಖಾಲಿ ತಟ್ಟೆ ಹಿಡಿದು.

"ಇನ್ನೊಂದು ಹಾಕ್ರಿ," ಎಂದರು. ತಿಂದು ಮುಗಿಸಿ ಮೆಲ್ಲಗೆ, "ಥೇಟ್ ನಿಮ್ಮಪ್ಪನ ಕೈ ನೋಡ್ರಿ. ಮೂರು ವಾರದಿಂದ ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ?"

"ಅಪ್ಪಾ, ನೀವು ಯಾವಾಗ ಅವರ ಹೋಟೆಲ್‌ಕ ಹೋಗಿದ್ರಿ?" ಎಂದು ಸುಮಂಗಲೆ ಬಾಯಿ ತೆರೆದಳು.

"ಹಿಂದಿನ ಬಾಗಲಾ ಇತ್ತಲ್ಲ," ಎಂದರು ದೇಸಾಯರು, ತಟ್ಟೆಯಿಂದ ಕಣ್ಣೆತ್ತದೆ.

ನನ್ನ ಗಂಟಲಿನ ಎಷ್ಟೋ ವರ್ಷದ ಮುಳ್ಳು ಆ ಕ್ಷಣ ಜಾರಿಹೋಯಿತು ಎಂದು ಸುಳ್ಳಿಲ್ಲದೆ ಹೇಳುತ್ತೇನೆ. ಆನಂದದಿಂದ ತೇಲುತ್ತಾ, ಎರಡು ದೋಸೆಯನ್ನು ಸ್ವತಃ ಹಿಡಿದು ಹೊರಗೆ ಬಂದೆ. ಬಂದು ನೋಡಿದರೆ ಕೆವಿನ್ ನನ್ನ ಫ್ರಿಜ್ಜಿನಿಂದ ಟೊಮ್ಯಾಟೊ ಸಾಸ್ ಬಾಟಲಿ ಕೇಳಿ ತರಿಸಿಕೊಂಡಿದ್ದ. ದೋಸೆಯ ಮೇಲೆ ಅದನ್ನು ಉದ್ದಕ್ಕೆ ಸುರಿದು, ಚಟ್ನಿಯನ್ನು ಪಕ್ಕಕ್ಕೆ ಸರಿಸಿ, ಸುರುಳಿ ಸುತ್ತಿ ಕಚ್ಚುತ್ತಿದ್ದ.

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹುಬ್ಬು ಮೇಲೇರಿತು. "ಕೆವಿನ್," ಎಂದೆ, ನನಗೇ ಪರಿಚಯವಿಲ್ಲದ ಒಂದು ಗಂಭೀರ ದನಿಯಲ್ಲಿ, "ನಮ್ಮ ಮನೆತನದಲ್ಲಿ ದೋಸೆಯನ್ನು ಹಾಗೆ ತಿನ್ನುವ ಪದ್ಧತಿ ಇಲ್ಲ."

ಕೆವಿನ್ ತಬ್ಬಿಬ್ಬಾಗಿ ಬಾಯಿ ಅಲ್ಲಾಡಿಸುವುದನ್ನೇ ನಿಲ್ಲಿಸಿದ. ನನ್ನ ಹಿಂದೆಯೇ ಬಂದಿದ್ದ ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಇರ್ಲಿ ಬಿಡ್ರಿ ಅಳಿಯಂದ್ರ, ಇಷ್ಟು ಗತ್ತು ಛಲೋ ಅಲ್ಲ," ಎಂದವರೇ ಕುರ್ಚಿ ಎಳೆದು ಪ್ಲಂಬರನ ಪಕ್ಕ ಕೂತು, ಸಾಸ್ ಬಾಟಲಿಗೆ ಕೈ ಚಾಚಿದರು.