ಕಾಕಾನ ತೇಲುವ ಮನೆ

ನಮ್ಮ ಕಾಕಾನಿಗೆ ಈಜು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಕೃಷ್ಣಾ ಹೊಳೆಯ ಮೇಲೆ ಮನೆ ಕಟ್ಟಿದ!

ನಗಬೇಡಿ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ರಬಕವಿಯಲ್ಲಿ ಪಾವರ್‌ಲೂಮುಗಳ ಸದ್ದೆದ್ದು, ಹಳೆಯ ಕೈಮಗ್ಗಗಳು ಹಿತ್ತಲು ಸೇರಿದ್ದವು. ನೇಕಾರನಾದ ಕಾಕಾ ಅವು ಒಲೆ ಪಾಲಾಗುವ ಮೊದಲೇ ಬೇಡಿ ತಂದ. ಮುರಿದ ಚಕ್ಕಡಿಯ ಹಲಗೆ, ಕೊಟ್ಟಿಗೆಯ ತೊಲೆ ಎಲ್ಲ ಹೊಳೆದಂಡೆಗೆ ಹೋದವು. ಸಂದುಗಳಿಗೆ ಡಾಂಬರಿನಲ್ಲಿ ಅದ್ದಿದ ನೂಲು ತುರುಕಿದ. ಆದರೂ ಕಟ್ಟಿಗೆ ಸಾಲಲಿಲ್ಲ. ಒಂದು ಮುಂಜಾನೆ ಕಾಕಾನ ಹೆಂಡತಿ, ನಮ್ಮ ಚಿಗವ್ವ, ನೋಡುತ್ತಾಳೆ, ಅಡುಗೆಮನೆಗೆ ಬಾಗಿಲೇ ಇಲ್ಲ!

"ಬಾಗಲಾ ಎಲ್ಲೈತ್ರಿ?"

"ನಾಳೆ ಅದರ ಮ್ಯಾಲ ಕುಂತು ನೀ ರೊಟ್ಟಿ ಬಡೀತಿ."

"ಇವತ್ತ ಬೆಕ್ಕು ಬಂದು ಹಾಲು ಕುಡದು ಹೋತು!"

ನಾಲ್ಕು ಜೋಡಿ ಎತ್ತು ಹೂಡಿ ಮನೆಯನ್ನು ನೀರಿಗೆ ಇಳಿಸಿದರು. ಇಳಿದದ್ದೇ ಒಳಗಿಟ್ಟಿದ್ದ ಬೀಸುಕಲ್ಲಿನ ಕಡೆ ವಾಲಿತು. "ಅಣ್ಣಾ, ಈ ಕಡೆ ಬಂದು ಕುಂದರು!" ಎಂದು ಕಾಕಾ ಕೂಗಿದ. ಭಾರೀ ದೇಹದ ನಮ್ಮಪ್ಪ ಹೋಗಿ ಕೂತ. ಮನೆ ನೆಟ್ಟಗಾಯಿತು! ಜನ ಚಪ್ಪಾಳೆ ತಟ್ಟಿದರು.

"ನಾ ಊಟಕ್ಕ ಮನಿಗೆ ಹೋಗಬೇಕಲ್ಲೋ!" ಎಂದ ಅಪ್ಪ.

ಕೊನೆಗೆ ಅಪ್ಪನ ಜಾಗದಲ್ಲಿ ಎರಡು ಗುಂಡುಕಲ್ಲು ಕೂತವು.

ಅಷ್ಟರಲ್ಲಿ ಮನೆಗಳನ್ನು ಬರೆದುಕೊಳ್ಳುವ ಗುಮಾಸ್ತ ಬಂದ. "ಇದು ಮನಿಯೋ, ದೋಣಿಯೋ?"

"ಹಗ್ಗಾ ಕಟ್ಟಿದ್ರ ಮನಿರಿ, ಬಿಚ್ಚಿದ್ರ ದೋಣಿ."

"ಪೂರ್ವಕ್ಕ ಯಾರ ಮನಿ?"

"ಮೀನಿಂದ್ರಿ."

"ಪಶ್ಚಿಮಕ್ಕ?"

"ಅದೂ ಅವರದ."

"ಮನ್ಯಾಗ ಎಷ್ಟ ಮಂದಿ?"

"ಇಬ್ಬರು. ಒಬ್ಬಾಕಿ ದಂಡಿ ಮ್ಯಾಲ ಸಿಟ್ಟಾಗಿ ನಿಂತಾಳ್ರಿ."

ಗುಮಾಸ್ತ ಪೆನ್ನಿಗೆ ಟೊಪ್ಪಿಗೆ ಹಾಕುವುದನ್ನೂ ಮರೆತು ನಡೆದ.

ಚಿಗವ್ವ ಮಾತ್ರ ಕದಲಲಿಲ್ಲ. "ನೆಲಾ ಬಿಟ್ಟು ನಾ ಬರೂದಿಲ್ಲ. ಊರಾಗ ನಮಗ ಮನಿ ಇರ್ಲಿಲ್ಲೇನು?" ಎಂದು ಅಳತೊಡಗಿದಳು.

ಕಾಕಾ ದಂಡೆಗೆ ಇಳಿದು ಬಂದ. ಈ ಸಲ ಚೇಷ್ಟೆಯ ಮಾತು ಬರಲಿಲ್ಲ.

"ಮದಿವಿ ಆದಾಗಿಂದ ಈ ದಿಬ್ಬಾ ಏರಿ ನೀರು ಹೊತ್ತಿ. ಮೊನ್ನೆ ನಡುದಾರ್ಯಾಗ ಕೊಡಾ ಇಳಿಸಿ, ಮೊಣಕಾಲು ಹಿಡಕೊಂಡು ಕುಂತಿದ್ದಿ. ನಾ ನೋಡೇನಿ. ಹೊಳಿ ಮನಿತನಕ ತರಾಕ ನನ್ನ ಕೈಲೆ ಆಗಲಿಲ್ಲ. ಅದಕ್ಕ..."

ಅವನು ತೇಲುವ ಮನೆಯ ಕಡೆ ಕೈ ತೋರಿಸಿದ.

ಚಿಗವ್ವ ಸೀರೆಯ ನಿರಿಗೆ ಎತ್ತಿ ಹಿಡಿದು, ಕಾಕಾನ ಭುಜದ ಮೇಲೆ ಕೈಯಿಟ್ಟು ಒಳಗೆ ಹೋದಳು. ಕಿಟಕಿಯ ಬಳಿ ಕೂತು, ಕೂತಲ್ಲಿಂದಲೇ ಕೈ ಇಳಿಬಿಟ್ಟು ಒಂದು ತಂಬಿಗೆ ನೀರು ಮೊಗೆದಳು. ಹಿಂದೆಯೇ ಒಳಬಂದ ಕಾಕಾನಿಗೆ ಕೊಟ್ಟಳು.

ಕಾಕಾ ಅದನ್ನು ಕುಡಿಯದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಹಾಗೇ ನಿಂತಿದ್ದ.