ಹೊಗೆಸೊಪ್ಪಿನ ಅಪವಾದ

ಇಷ್ಟಕ್ಕೆಲ್ಲ ಕಾರಣ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಚರ್ಚಿನಲ್ಲಿ ಸಭಾಪಾಲಕರು ಆಡಿದ ಮಾತು. "ಒಡಹುಟ್ಟಿದವನಿಗೆ ಮಾಡಿದ ತಪ್ಪನ್ನ ಎದೇಲಿಟ್ಕೊಂಡು ನಾಳೆ ಪ್ರಭುಭೋಜನಕ್ಕೆ ಬರಬೇಡಿ. ಮೊದಲು ಹೋಗಿ ಒಂದಾಗಿ, ಆಮೇಲೆ ಬನ್ನಿ."

ಶಿಡ್ಲಘಟ್ಟದ ಕೆಂಪರಾಜುವಿಗೆ ಅಂಥದೊಂದು ತಪ್ಪು ಏಳು ವರ್ಷದಿಂದ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಾಗಿತ್ತು. ಟೊಮೇಟೊ ಗಿಡಕ್ಕೆ ಔಷಧಿ ಹೊಡೆದು, ಕೈ ತೊಳೆಯದೆ, ಅಣ್ಣ ಚಿರಂಜೀವಿಯ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿದ್ದ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ಬೆಳಗಾಗುವುದರೊಳಗೆ ಸತ್ತಿದ್ದವು. ಅದೇ ದಿನ ಹುಳುಮನೆಗೆ ಇಣುಕಿದ್ದ ಅಣ್ಣನ ಅತ್ತೆ ರಾಹೇಲಮ್ಮನ ಬಾಯಲ್ಲಿ ಹೊಗೆಸೊಪ್ಪಿತ್ತು. ಹೊಗೆಸೊಪ್ಪು ಹುಳುವಿಗೆ ವಿಷವೆಂದು ಆ ಸೀಮೆಯಲ್ಲಿ ಮಗುವಿಗೂ ಗೊತ್ತು. "ಇನ್ನು ಈ ಹೊಸ್ತಿಲು ತುಳೀಬೇಡಿ" ಎಂದ ಅಳಿಯ. ಮುದುಕಿ ತುಳಿಯಲಿಲ್ಲ. ಕೆಂಪರಾಜು ಬಾಯಿ ಬಿಡಲಿಲ್ಲ.

ಹಬ್ಬದ ಬೆಳಿಗ್ಗೆ ಅವನು ಹಿತ್ತಲಲ್ಲಿ ನಿಂತು, ಒಗೆಯುವ ಕಲ್ಲನ್ನೇ ಅಣ್ಣನೆಂದುಕೊಂಡು, ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿದ. ಗೋಡೆಯಾಚೆ ಬಟ್ಟೆ ಹರವುತ್ತಿದ್ದ ನೆರೆಮನೆಯ ಜಾಹಿದಾಗೆ ಇಡೀ ಪಾಠ ಕೇಳಿಸಿತು.

"ಏನ್ ಕೆಂಪಣ್ಣ, ನೀನಾ ಅದು? ಪಾಪ, ಆ ಅಜ್ಜಿ."

"ಯಾರಿಗೂ ಹೇಳ್ಬೇಡ ಕಣಮ್ಮ. ಅಣ್ಣನಿಗೆ ನಾನೇ ಹೇಳ್ತೀನಿ."

ಜಾಹಿದಾ ಮಾತಿಗೆ ತಪ್ಪುವವಳಲ್ಲ. ಬೇರೆ ಯಾರಿಗೂ ಹೇಳಲಿಲ್ಲ. ಚಿಂತಾಮಣಿಯಲ್ಲಿದ್ದ ರಾಹೇಲಮ್ಮನಿಗೆ ಮಾತ್ರ ಫೋನು ಮಾಡಿದಳು.

ಎರಡು ಗಂಟೆ ತಡೆದು ಕೆಂಪರಾಜು ಹೋದಾಗ ಅಣ್ಣನ ಮನೆಯಲ್ಲಿ ಕಜ್ಜಾಯದ ಘಮಲು.

"ಅಣ್ಣಾ, ಅವತ್ತು ಆ ಹುಳು ಸತ್ತಿದ್ದು..."

"ಮೊದ್ಲು ಕಜ್ಜಾಯ ತಿನ್ನು" ಎಂದು ಚಿರಂಜೀವಿ ಬಾಯಿಗೇ ತುರುಕಿದ.

ಕೆಂಪರಾಜು ಕಷ್ಟಪಟ್ಟು ನುಂಗಿ, "ಔಷಧಿ ಹೊಡೆದ ಕೈ..." ಎನ್ನುವಷ್ಟರಲ್ಲಿ ಇನ್ನೊಂದು ಬಂತು. ಮೂರನೆಯದಕ್ಕೆ ಅವನ ಕೆನ್ನೆಗಳು ಓಲಗ ಊದುವವನ ಕೆನ್ನೆಯಂತೆ ಉಬ್ಬಿಕೊಂಡವು.

"ಹಬ್ಬದ ದಿನ ಸತ್ತ ಹುಳ ಯಾಕೋ ಕೆದಕ್ತೀಯ? ಆರಾಧನೆಗೆ ಹೊತ್ತಾಯ್ತು, ನಡಿ."

ಬಾಗಿಲು ದಾಟುವಷ್ಟರಲ್ಲಿ ಆಟೋ ಬಂದು ನಿಂತಿತು. ಮೊದಲು ಟ್ರಂಕು ಇಳಿಯಿತು, ಅದರ ಹಿಂದೆ ರಾಹೇಲಮ್ಮ. ಆಟೋ ಕಂಡು ಜಾಹಿದಾಳ ಬೆನ್ನಿಗೆ ಅರ್ಧ ಬೀದಿ ಸೇರಿತ್ತು.

"ಹೇಳಪ್ಪ ಕೆಂಪರಾಜು," ಎಂದಳು ಮುದುಕಿ. "ನಾನೂ ಕೇಳ್ತೀನಿ, ಬೀದಿನೂ ಕೇಳ್ಲಿ."

ಅವನು ಕಣ್ಣು ಮುಚ್ಚಿ ಎಲ್ಲವನ್ನೂ ಹೇಳಿಬಿಟ್ಟ.

ಇಡೀ ಬೀದಿ ಈಗ ಚಿರಂಜೀವಿಯ ಮುಖ ನೋಡಿತು. ಅವನು ಮೆಲ್ಲಗೆ ಬಗ್ಗಿ ಅತ್ತೆಯ ಕಾಲು ಮುಟ್ಟಿದ. "ತಪ್ಪಾಯ್ತು ಅತ್ತೆ."

"ಯೇಸಪ್ಪ ಹುಟ್ಟಿದ ದಿನ ಕೋಪ ಎಲ್ಲಿ ಇಟ್ಕೊಳ್ಳಲಪ್ಪ? ಇನ್ನು ಸಾಯೋವರ್ಗೂ ನಿಮ್ಜೊತೇಲೇ ಇರ್ತೀನಿ. ನಿನಗೆ ಊಟ ಬಡಿಸೋದೂ ನಾನೇ, ಬುದ್ಧಿ ಹೇಳೋದೂ ನಾನೇ."

ಅತ್ತಿಗೆ ತಾಯಿಯನ್ನು ತಬ್ಬಿ ಅತ್ತಳು. ಜಾಹಿದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಚಿರಂಜೀವಿ ತಮ್ಮನನ್ನು ಬಿಗಿಯಾಗಿ ಅಪ್ಪಿಕೊಂಡ. ಏಳು ವರ್ಷದ ಮುಳ್ಳು ಇಳಿದಂತಾಗಿ ಕೆಂಪರಾಜು ದೇವರನ್ನು ನೆನೆಯುತ್ತಿರುವಾಗ ಕಿವಿಯಲ್ಲಿ ಅಣ್ಣನ ಪಿಸುಮಾತು ಕೇಳಿಸಿತು.

"ಔಷಧಿ ವಾಸನೆ ಅವತ್ತೇ ಮೂಗಿಗೆ ಬಡಿದಿತ್ತು ಕಣೋ. ಗೊತ್ತಿದ್ದೂ ಬಾಯ್ಮುಚ್ಕೊಂಡು, ಅತ್ತೆ ಕಾಟವಿಲ್ದೆ ಏಳು ವರ್ಷ ನೆಮ್ಮದಿಯಾಗಿದ್ದೆ. ಇನ್ಮೇಲೆ ನಿಂಗೂ ನಂಗೂ ಮಾತಿಲ್ಲ."

ಚರ್ಚಿನಲ್ಲಿ, ರೊಟ್ಟಿ-ದ್ರಾಕ್ಷಾರಸ ಸ್ವೀಕರಿಸುವ ಪ್ರಭುಭೋಜನದ ಸಾಲಿನಲ್ಲಿ, ಬೀದಿಯ ಸುದ್ದಿ ಆಗಲೇ ಮುಟ್ಟಿದ್ದ ಸಭಾಪಾಲಕರು ಕೇಳಿದರು: "ಅಣ್ಣನ ಜೊತೆ ಒಂದಾದೆಯೇನಪ್ಪ?"

ಕೆಂಪರಾಜು ತಿರುಗಿ ನೋಡಿದ. ಚಿರಂಜೀವಿ ಬೆಂಚಿನಲ್ಲಿ ಕೂತು ಗೋಡೆಯ ಕಡೆ ಮುಖ ತಿರುಗಿಸಿದ. ಕೆಂಪರಾಜು ಸಾಲು ಬಿಟ್ಟು ಹಿಂದಿನ ಬೆಂಚಿಗೆ ಬಂದು ಕೂತ.

ಪ್ರಭುಭೋಜನ ತೆಗೆದುಕೊಂಡು ಬಂದ ರಾಹೇಲಮ್ಮ ಅವನ ತಲೆ ಸವರಿದಳು.

"ನಿನ್ನಿಂದ್ಲೇ ಕಣಪ್ಪ ಇವತ್ತು ನಮ್ಮನೆ ಒಂದಾಗಿದ್ದು."