ಸಿ ದರ್ಜೆಯ ಮರ ಮತ್ತು ಹನ್ನೆರಡು ಖಾಲಿ ಗ್ಲಾಸು

ಇಂದ,
ಗೆಬ್‌ಹಾರ್ಡ್ ಷ್ಟೋಲ್ಟ್ಸ್
ನಿವೃತ್ತ ದಿಮ್ಮಿ ದರ್ಜೆಗಾರ, ಮರ ಕೊಯ್ಯುವ ಮಿಲ್ಲು
ಉಂಟರ್‌ಟಾನ್‌ಬಾಖ್ ಗ್ರಾಮ, ಸ್ವಾಬಿಯಾ

ಗೆ,
ಶ್ರೀಯುತ ಓಯ್ಗನ್ ಕ್ನಾಪ್
ಅಧ್ಯಕ್ಷರು, ಕ್ರಿಸ್‌ಮಸ್ ಮರ ಹೊಗಳುವ ಸಂಘ
ಅದೇ ಗ್ರಾಮ, ನಮ್ಮ ಮನೆಯಿಂದ ನಾಲ್ಕನೆಯ ಮನೆ

ವಿಷಯ: ನಮ್ಮ ಮನೆಯ ಮರವನ್ನು ಜನವರಿ ಆರನೇ ತಾರೀಕಿನೊಳಗೆ ಹೊಗಳಿಸಿಕೊಡುವ ಬಗ್ಗೆ.

ಉಲ್ಲೇಖ: ೧. ಸಂಘದ ನಿಯಮಾವಳಿ.
೨. ಹಿಂದಿನ ಸಲದ ಹಬ್ಬದಲ್ಲಿ, ಡಿಸೆಂಬರ್ ೨೭ರಂದು, ತಮ್ಮ ಮನೆಯಲ್ಲಿ ನಾನು ಆಡಿದ ಮಾತು.
೩. ತದನಂತರ ತಮ್ಮ ಶ್ರೀಮತಿಯವರು ಅಡುಗೆಮನೆಯ ಬಾಗಿಲು ಹಾಕಿಕೊಂಡ ಸದ್ದು.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಮೂವತ್ತೆಂಟು ವರ್ಷ ಮಿಲ್ಲಿನಲ್ಲಿ ದಿಮ್ಮಿಗಳಿಗೆ ದರ್ಜೆ ಹಾಕಿ ನಿವೃತ್ತನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸಂಘದ ಒಂದನೇ ನಿಯಮದ ಪ್ರಕಾರ, ಹಬ್ಬದ ಮಾರನೆಯ ದಿನದಿಂದ ಜನವರಿ ಆರರ ಮೂರು ರಾಜರ ಹಬ್ಬದವರೆಗೆ ಸದಸ್ಯರು ಮನೆಮನೆಗೆ ಹೋಗಿ, ಮರ ಎಂಥದ್ದೇ ಇರಲಿ, “ಚೆಂದದ ಮರ!” ಎಂದು ಹೊಗಳತಕ್ಕದ್ದು. ಎರಡನೇ ನಿಯಮದ ಪ್ರಕಾರ, ಹೊಗಳಿದವರಿಗೆಲ್ಲ ಮನೆಯವರು ಒಂದೊಂದು ಗ್ಲಾಸು ಷ್ನಾಪ್ಸ್ ಸಾರಾಯಿ ಸುರಿಯತಕ್ಕದ್ದು. ಮೂರನೇ ನಿಯಮ ಯಾರಿಗೂ ನೆನಪಿಲ್ಲ. ಎರಡನೆಯದನ್ನು ಪಾಲಿಸುವಷ್ಟರಲ್ಲಿ ಮರೆತುಹೋಗುತ್ತದೆ. ನಾಲ್ಕನೇ ನಿಯಮದ ಪ್ರಕಾರ, ತನ್ನ ಮನೆಯ ಮರವನ್ನು ತಾನೇ ಹೊಗಳುವಂತಿಲ್ಲ. ಹಾಗೆ ಬಿಟ್ಟರೆ ಗಂಡಸರು ಬೆಳಗಿನಿಂದ ಸಂಜೆವರೆಗೆ ಸ್ವಂತ ಮರವನ್ನೇ ಹೊಗಳುತ್ತ ಕೂರುತ್ತಾರೆಂಬುದು ಹಿರಿಯರ ದೂರದೃಷ್ಟಿ.

ಈ ನಿಯಮಗಳನ್ನು ನಾನು ಮದುವೆಯಾದಂದಿನಿಂದ ಪಾಲಿಸಿದ್ದೇನೆ. ಪಕ್ಕದ ಮನೆಯ ಫ್ರಿಡೋಲಿನ್‌ನ ಮರ ನಮ್ಮ ಕಣ್ಣೆದುರೇ ಅಡ್ಡಬಿದ್ದ ವರ್ಷ, ತಾವೇ ಅದರ ಸುತ್ತ ಒಂದು ಸುತ್ತು ಹಾಕಿ, “ಮಲಗಿದ್ರೂ ಏನು ಗತ್ತು ನೋಡ್ರಯ್ಯಾ!” ಎಂದಿರಿ. ನಾನೂ ಹೌದೆಂದು ತಲೆಯಾಡಿಸಿದೆ. ತಲಾ ಎರಡು ಗ್ಲಾಸು ಬಂತು.

೨. ಹೀಗಿರುವಲ್ಲಿ, ಉಲ್ಲೇಖ ಎರಡರ ದಿನ ತಮ್ಮದು ಏಳನೆಯ ಮನೆಯಾಗಿದ್ದು, ಆರು ಮನೆಯ ಸತ್ಕಾರ ಆಗಲೇ ಹೊಟ್ಟೆಯಲ್ಲಿದ್ದ ಕಾರಣ, ಸಂಘದ ಸದಸ್ಯನ ಬಾಯಿಯ ಬದಲು ಮಿಲ್ಲಿನ ಬಾಯಿ ತೆರೆದುಕೊಂಡಿತು. “ಬುಡ ಸೊಟ್ಟ. ಎಡಪಕ್ಕ ಬೋಳು. ಸಿ ದರ್ಜೆ” ಎಂದುಬಿಟ್ಟೆ. ತಮ್ಮ ಶ್ರೀಮತಿ ಹಿಲ್ಟ್ರೂಡ್ ಅವರು, “ಅಲ್ಲಾ ಗೆಬ್‌ಹಾರ್ಡ್, ನಿಮ್ಮ ಮುಖಕ್ಕೆ ಯಾವ ದರ್ಜೆ ಹಾಕಿದ್ರಪ್ಪಾ ಮಿಲ್ಲಲ್ಲಿ?” ಎಂದು ತುಂಬಿದ ಗ್ಲಾಸನ್ನು ನನ್ನ ಕೈಯಿಂದಲೇ ವಾಪಸು ಪಡೆದರು. ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅದರ ಹಿಂದೆಯೇ ಉಲ್ಲೇಖ ಮೂರು.

ದಾರಿಯಲ್ಲಿ ಫ್ರಿಡೋಲಿನ್ ನನ್ನ ಕಿವಿಯಲ್ಲಿ, “ಸಿ ಅಂದಿದ್ದು ತಪ್ಪು ಕಣೋ. ಅದು ಡಿ. ಒಲೆಗೆ ಮಾತ್ರ ಲಾಯಕ್ಕು” ಎಂದ. ಸದರಿ ಫ್ರಿಡೋಲಿನ್ ಈಗ ಸಂಘದ ಉಪಾಧ್ಯಕ್ಷನಾಗಿರುವುದಕ್ಕೆ ನನ್ನ ಅಭಿನಂದನೆಗಳು. ನಮ್ಮೂರಿನಲ್ಲಿ ವರ್ಷವಿಡೀ ಸೊಸೆಯರಿಗೆ, ಹಸುಗಳಿಗೆ, ಪಾದ್ರಿಯ ಕಂಠಕ್ಕೆ ದರ್ಜೆ ಹಾಕಲಾಗುತ್ತಿದ್ದು, ಅದೆಲ್ಲ ಬೆನ್ನ ಹಿಂದೆ ನಡೆಯುವ ಕಾರಣ ಯಾರ ಸದಸ್ಯತ್ವವೂ ರದ್ದಾಗುವುದಿಲ್ಲ.

೩. ನನ್ನದು ರದ್ದಾಯಿತು.

೪. ಈ ಸಲ ಡಿಸೆಂಬರ್ ೨೩ರಂದು ಮರ ತರಲು ಹೊರಟಾಗ ನನ್ನ ಪತ್ನಿ ರೋಸ್ವಿಥಾ, “ನಿನ್ನ ಕಣ್ಣು, ನಿನ್ನ ಬಾಯಿ ಎರಡೂ ಮನೇಲಿಟ್ಟು ಹೋಗು. ದರ್ಜೆಗಿರ್ಜೆ ಏನೂ ಬೇಡ. ಒಂದು ಮರ ತಗೊಂಡು ಬಾ ಅಷ್ಟೆ” ಎಂದಳು. ಆದ್ದರಿಂದ ನಾನು ಪ್ರಾಯಶ್ಚಿತ್ತವೆಂದು ಭಾವಿಸಿ, ಆಗಲೇ ಬಲೆಯೊಳಗೆ ಸುತ್ತಿಟ್ಟಿದ್ದ ಮರಗಳಲ್ಲಿ ಮೊದಲನೆಯದನ್ನು ಎತ್ತಿಕೊಂಡೆ.

“ಬಿಚ್ಚಿ ತೋರಿಸ್ಲಾ ಯಜಮಾನ್ರೇ?” ಎಂದು ಮರ ಮಾರುವ ಕ್ರೆಸೆನ್ಸಿಯಾ ಕೇಳಿದಳು.

“ಬೇಡ.”

“ಇಷ್ಟು ವರ್ಷ ಇಪ್ಪತ್ತು ಮರ ಬಿಚ್ಚಿಸಿ ನನ್ನ ಜೀವ ತಿಂದೋರು ನೀವು! ಮೈ ಹುಷಾರಿದೆ ತಾನೇ?”

ಮನೆಯಲ್ಲಿ ಬಲೆ ಕತ್ತರಿಸಲಾಗಿ, ಬುಡ ಸೊಟ್ಟ, ಎಡಪಕ್ಕ ಬೋಳು. ಜೀವನದಲ್ಲಿ ಮೊದಲ ಬಾರಿಗೆ ನೋಡದೆ ಕೊಂಡ ಮರ ತಮ್ಮ ಮರದ ಜೊತೆ ಒಡಹುಟ್ಟಿದಂತಿತ್ತು. ರೋಸ್ವಿಥಾ ನನ್ನ ಮುಖ ನೋಡಿ, “ಬಾಯಿ ಬಿಟ್ಟೆಯೋ, ನೋಡು!” ಎಂದಳು. ಬಿಡಲಿಲ್ಲ.

೫. ೨೪ರಂದು ವಾಡಿಕೆಯಂತೆ ಅವಳು ಹಜಾರದ ಬಾಗಿಲು ಹಾಕಿಕೊಂಡು ಒಳಗೆ ಮರ ಸಿಂಗರಿಸಿದಳು. ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಸಲಾಡಿನ ಪಾತ್ರೆಯ ಜೊತೆ ಕುಳಿತೆ. ಸುತ್ತಿಗೆ ಕೇಳಿದಳು, ಬಾಗಿಲ ಸಂದಿಯಿಂದ ಕೊಟ್ಟೆ. ತಂತಿ ಕೇಳಿದಳು, ಕೊಟ್ಟೆ. ನಾಲ್ಕು ತಾಸಾದ ಮೇಲೆ ಒಳಗೆ ಗಂಟೆ ಬಾರಿಸಿದಳು, ನಾನು ಹೋದೆ.

ವಸ್ತುಸ್ಥಿತಿ ಹೀಗಿತ್ತು: ಬುಡಕ್ಕೆ ಮರದ ಚಕ್ಕೆ ಕೊಟ್ಟು, ಕಾಂಡವನ್ನು ತಂತಿಯಿಂದ ಕಿಟಕಿಯ ಹಿಡಿಗೆ ಬಿಗಿಯಲಾಗಿತ್ತು. ಬೋಳು ಭಾಗದಲ್ಲಿ ಅವಳ ತಾಯಿಯ ಕಾಲದ ಗಾಜಿನ ಹಕ್ಕಿಗಳು, ಅವಳೇ ಹುಲ್ಲುಕಡ್ಡಿಯಲ್ಲಿ ಕಟ್ಟಿದ ನಕ್ಷತ್ರಗಳು. ಎಲೆ ಇಲ್ಲದ ಕಡೆಯೇ ಹಕ್ಕಿಗಳಿಗೆ ಜಾಗವಾಗಿತ್ತು. ಸೊಟ್ಟ ಕಾಂಡವನ್ನು ಹೇಗೆ ತಿರುಗಿಸಿದ್ದಳೆಂದರೆ, ಯಾರು ಬರುತ್ತಿದ್ದಾರೆಂದು ಮರ ಕಿಟಕಿಯಿಂದ ಬಗ್ಗಿ ನೋಡುವಂತಿತ್ತು. ಆದರೂ ನಿಯಮ ನಾಲ್ಕು ಮತ್ತು ಅಭ್ಯಾಸಬಲದ ಕಾರಣ, ಹತ್ತಿರ ಹೋಗಿ ಪರಿಶೀಲಿಸಿ, “ತಂತಿ ಬಿಗಿಯಾಗಿದೆ” ಎಂದೆ.

೬. ೨೬ರಿಂದ ಅವಳು ಪ್ರತಿ ಮಧ್ಯಾಹ್ನ ಒಳ್ಳೆಯ ಬಟ್ಟೆ ಉಟ್ಟು, ಸಂಘದ ಸದಸ್ಯರಿಗೆಂದು ಹನ್ನೆರಡು ಗ್ಲಾಸು ಒರೆಸಿ ಜೋಡಿಸಿ ಕುಳಿತಳು. ೨೮ರಂದು ಸಂಘವು ಪಕ್ಕದ ಫ್ರಿಡೋಲಿನ್‌ನ ಮನೆಯಲ್ಲಿ ಹೊಗಳಿದ್ದು ನಮಗೆ ಗೋಡೆಯಾಚೆಯಿಂದ ಕೇಳಿಸಿತು. ನಂತರ ಹೆಜ್ಜೆಗಳು ನಮ್ಮ ಗೇಟಿನ ಮುಂದೆ ಬಂದವು. ರೋಸ್ವಿಥಾ ಬಾಟಲಿ ಹಿಡಿದು ಎದ್ದು ನಿಂತಳು. ಹೆಜ್ಜೆಗಳು ಮುಂದೆ ಹೋದವು. “ಆಚೆ ಮನೆ ಮುಗಿಸ್ಕೊಂಡು ಬರ್ತಾರೇನೋ” ಎಂದಳು. ತಪ್ಪು ನನ್ನದು, ಶಿಕ್ಷೆ ಅವಳಿಗೆ. ಇದು ಯಾವ ನಿಯಮದ ಅಡಿಯಲ್ಲಿ ಎಂದು ತಿಳಿಸಬೇಕಾಗಿ ಕೋರುತ್ತೇನೆ.

೭. ಜನವರಿ ೨ರಂದು ಅವಳು ಗ್ಲಾಸುಗಳನ್ನು ಕಪಾಟಿಗೆ ಸೇರಿಸಿದಳು.

“ಮುಂದಿನ ವರ್ಷ ಮರ ಬೇಡ ಬಿಡು.”

“ಯಾಕೆ?”

“ಯಾರಿಗಂತ ಸಿಂಗರಿಸ್ಲಿ?”

“ನಾನಿಲ್ವಾ?”

“ನೀನಾ? ಮೂವತ್ತೊಂದು ವರ್ಷ ಊರಿನ ಮರ ಎಲ್ಲಾ ಹೊಗಳಿ ಬಂದೆ. ಬಿದ್ದಿದ್ದ ಮರಾನೂ ಬಿಡ್ಲಿಲ್ಲ. ನನ್ನ ಮರಕ್ಕೆ ಏನಂದೆ? ತಂತಿ ಬಿಗಿಯಾಗಿದೆ ಅಂದೆ.”

ನಾನು ನಾಲ್ಕನೇ ನಿಯಮವನ್ನು ಅವಳ ಗಮನಕ್ಕೆ ತಂದೆ. ಆಗ ನಮ್ಮ ಅಡುಗೆಮನೆಯ ಬಾಗಿಲು ಮಾಡಿದ ಸದ್ದು ಉಲ್ಲೇಖ ಮೂರಕ್ಕಿಂತ ಕಡಿಮೆಯಿತ್ತು, ಮೆಲ್ಲಗೆ ಹಾಕಿಕೊಂಡಳು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಆದ್ದರಿಂದ, ಈ ಎಲ್ಲ ಕಾರಣಗಳಿಂದಾಗಿ, ನನ್ನ ಕೋರಿಕೆಗಳು:

ಅ) ಸಂಘವು ಆರನೇ ತಾರೀಕಿನೊಳಗೆ ನಮ್ಮ ಮನೆಗೆ ಬಂದು ಮರವನ್ನು ಹೊಗಳುವುದು. ಆ ಹೊತ್ತು ನಾನು ಸೌದೆ ಕೊಟ್ಟಿಗೆಯಲ್ಲಿರಲು ಸಿದ್ಧ. ಬೇಕಿದ್ದರೆ ಹೊರಗಿನಿಂದ ಚಿಲಕ ಹಾಕಿಸಬಹುದು.

ಆ) ಪ್ರತಿಯಾಗಿ ತಮ್ಮ ಹಿಂದಿನ ಸಲದ ಮರವನ್ನು ಸಿ ಇಂದ ಬಿ ದರ್ಜೆಗೆ ಏರಿಸಲು ಒಪ್ಪಿದ್ದೇನೆ. ಎ ಕೊಡಲು ಆತ್ಮಸಾಕ್ಷಿ ಬಿಡುವುದಿಲ್ಲ.

ಇ) ಮೇಲಿನ ಎರಡೂ ಆಗದಿದ್ದಲ್ಲಿ, ಆರನೇ ತಾರೀಕು ಮಧ್ಯಾಹ್ನ ಮೂರರಿಂದ ಮೂರೂಕಾಲರವರೆಗೆ ನನ್ನನ್ನು ನನ್ನ ಮನೆಗೆ ಹೊರಗಿನವನೆಂದು ಘೋಷಿಸುವುದು. ಸದರಿ ಅವಧಿಯಲ್ಲಿ ನಾನು ಕೋಟು ಟೋಪಿ ಹಾಕಿಕೊಂಡು ಹೊರಗೆ ಹೋಗಿ, ಕರೆಗಂಟೆ ಒತ್ತಿ, ಒಳಬಂದು ಹೊಗಳುತ್ತೇನೆ.

ಇಂತು ತಮ್ಮ ವಿಶ್ವಾಸಿ
(ಉಲ್ಲೇಖ ಎರಡರ ಮಧ್ಯಾಹ್ನದವರೆಗೆ),
ಗೆಬ್‌ಹಾರ್ಡ್ ಷ್ಟೋಲ್ಟ್ಸ್
ಜನವರಿ ೪

ಲಗತ್ತುಗಳು:
೧. ಮರದಿಂದ ಉದುರಿದ ಸೂಜಿ ಎಲೆ, ಒಂದು ಲಕೋಟೆ (ಸಮಯ ಹೆಚ್ಚಿಲ್ಲ ಎಂಬುದಕ್ಕೆ ಪುರಾವೆ).
೨. ಮುಚ್ಚಳ ತೆಗೆಯದ ಷ್ನಾಪ್ಸ್ ಬಾಟಲಿಯ ಚಿತ್ರ.
೩. ಹೊಗಳಿಕೆಯ ಕರಡು, ತಮ್ಮ ಅನುಮೋದನೆಗಾಗಿ: “ಚೆಂದದ ಮರ, ರೋಸ್ವಿಥಾ.” (ಸುಳ್ಳಿಲ್ಲ. ಪರಿಶೀಲಿಸಲಾಗಿದೆ.)

ವಿ.ಸೂ.: ಮೂರನೇ ಲಗತ್ತನ್ನು ಬಾಯಿಪಾಠ ಮಾಡುತ್ತಿರುವಾಗ ರೋಸ್ವಿಥಾ ಬಾಗಿಲ ಹಿಂದೆಯೇ ಇದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. “ಇನ್ನೊಂದ್ ಸಲ ಹೇಳು” ಎಂದಳು. ಹೇಳಿದೆ. ಕಪಾಟಿನಿಂದ ಎರಡು ಗ್ಲಾಸು ಹೊರಬಂದಿದ್ದು, ಎರಡನೇ ಲಗತ್ತು ಈಗ ವಸ್ತುಸ್ಥಿತಿಗೆ ಹೊಂದುವುದಿಲ್ಲ. ಹೀಗೆ ನಿಯಮ ನಾಲ್ಕರ ಉಲ್ಲಂಘನೆ ಆಗಲೇ ನಡೆದುಹೋಗಿರುವ ಕಾರಣ, ಕೋರಿಕೆ (ಇ)ಯ ಅನುಮತಿಯನ್ನು ಮೂವತ್ತೊಂದು ವರ್ಷಗಳ ಹಿಂದಿನಿಂದ ಪೂರ್ವಾನ್ವಯವಾಗುವಂತೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.